ಫಾರ್ಮಸಿ ಕಾಲೇಜಿನಿಂದ ವೇಯ್ಟ್‌ಲಿಸ್ಟ್ ಅಂತ ಈಮೇಲ್ ಬಂದಿದೆ, ಈಗೇನು ಮಾಡೋದು?

ಮಾರ್ಚ್ ಮುಗಿಯುವ ಹೊತ್ತಿಗೆ ನನ್ನ ಫೋನಿಗೆ ಒಂದೇ ತರಹದ ಮೆಸೇಜ್ ಬರಲು ಶುರುವಾಗುತ್ತದೆ. ನಾನು ಅಮೆರಿಕದಲ್ಲಿ ಫಾರ್ಮಸಿಸ್ಟ್ ಅನ್ನುವುದು ನೆಂಟರಿಗೆಲ್ಲ ಗೊತ್ತು, ಅವರ ನೆಂಟರಿಗೂ ಗೊತ್ತು. "ಮಗಳಿಗೆ ಫಾರ್ಮ್ ಡಿ ವೇಯ್ಟ್‌ಲಿಸ್ಟ್ ಅಂತ ಬಂದಿದೆ, ಕಾಯೋದಾ ಬಿಡೋದಾ?" ಫಾರ್ಮ್ ಡಿ ಅಂದರೆ ಇಲ್ಲಿ ಫಾರ್ಮಸಿಸ್ಟ್ ಆಗಲು ಬೇಕಾದ ಡಿಗ್ರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ, ಈ ಸಲ ಎಲ್ಲ ಒಂದೇ ಕಡೆ ಬರೆದಿಡುತ್ತೇನೆ.

ವೇಯ್ಟ್‌ಲಿಸ್ಟ್ ಅಂದ ತಕ್ಷಣ ನಮಗೆ ರೈಲು ನೆನಪಾಗುತ್ತದೆ ಅಲ್ವಾ, ತೊಂದರೆ ಶುರುವಾಗೋದೇ ಅಲ್ಲಿ. ರೈಲಿನಲ್ಲಿ ಡಬ್ಲ್ಯೂಎಲ್ 14 ಅಂದರೆ ಮುಂದೆ ಎಷ್ಟು ಜನ ಇದ್ದಾರೆ ಅಂತ ಒಂದು ಅಂದಾಜಿರುತ್ತದೆ, ಚಾರ್ಟ್ ಆದ ಮೇಲೆ ಕಥೆ ಮುಗಿಯುತ್ತದೆ, ಆನ್‌ಲೈನ್ ಟಿಕೆಟ್ ಆದರೆ ದುಡ್ಡು ತಾನಾಗೇ ವಾಪಸ್ ಬರುತ್ತದೆ. ಇಲ್ಲಿ ನಂಬರ್ ಹೇಳುವ ಕಾಲೇಜುಗಳು ಕಡಿಮೆ. ಚಾರ್ಟ್ ಆಗುವುದು ಕ್ಲಾಸು ಶುರುವಾಗುವ ವಾರ. ಅಷ್ಟರಲ್ಲಿ ಇನ್ನೊಂದು ಕಾಲೇಜಿನ ಡೆಪಾಸಿಟ್ (ಸಿಕ್ಕ ಸೀಟು ಹಿಡಿದಿಡಲು ಕಟ್ಟುವ ದುಡ್ಡು) ಗಡುವು ಬಂದು ಹೋಗಿರುತ್ತದೆ.

ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಬಂದಿರುವ ಉತ್ತರ 'ಇಲ್ಲ' ಅಂತಲೇ ಅಂದುಕೊಂಡು ಮೊದಲು ಒಂದು ತೀರ್ಮಾನ ಮಾಡಿ. ಅದನ್ನು ಬದಲಾಯಿಸಲು ಎಷ್ಟು ದುಡ್ಡು ಕಳೆದುಕೊಳ್ಳಲು ತಯಾರಿದ್ದೀರಿ, ಯಾವ ತಾರೀಖಿನವರೆಗೆ ಕಾಯುತ್ತೀರಿ ಅನ್ನೋದನ್ನ ಆಮೇಲೆ ನೋಡಿ. ಈ ಕ್ರಮ ತಿರುಗಾಮುರುಗ ಆದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನು ಅಪ್ಲೈ ಮಾಡಿದ ಮೊದಲ ವರ್ಷ ಒಂದು ದೊಡ್ಡ ಹೆಸರಿನ ಕಾಲೇಜಿನ ವೇಯ್ಟ್‌ಲಿಸ್ಟಿನಲ್ಲಿದ್ದೆ, ಇನ್ನೊಂದು ಸಾಧಾರಣ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಡೆಪಾಸಿಟ್ ದುಡ್ಡು ಸುಮ್ನೆ ಯಾಕೆ ಹೋಗಲಿ ಅಂತ ಕಟ್ಟಲಿಲ್ಲ. ಆಗಸ್ಟ್‌ವರೆಗೆ ಈಮೇಲ್ ರಿಫ್ರೆಶ್ ಮಾಡಿದ್ದೇ ಬಂತು, ಎರಡೂ ಹೋಯಿತು. ಆ ವರ್ಷ ಪೂರ್ತಿ ಫಾರ್ಮಸಿ ಟೆಕ್ನಿಷಿಯನ್ ಆಗಿ ಮಾತ್ರೆ ಎಣಿಸಿದೆ.

ಈಮೇಲನ್ನು ಇನ್ನೊಮ್ಮೆ ಓದಿ

ನಿಜವಾಗಿ ಹೇಳ್ತೀನಿ, ಅರ್ಧ ಜನ ಪೂರ್ತಿ ಓದಿರುವುದಿಲ್ಲ. ಬೇಜಾರಿನಲ್ಲಿ ಮೊದಲ ಎರಡು ಸಾಲು ನೋಡಿ ಮುಚ್ಚಿಬಿಟ್ಟಿರುತ್ತಾರೆ. ಕೆಲವು ಕಾಲೇಜುಗಳು ನಿಮ್ಮನ್ನು ತಾವಾಗೇ ಪಟ್ಟಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಪೋರ್ಟಲ್‌ಗೆ ಹೋಗಿ "ಹೌದು, ಇರುತ್ತೇನೆ" ಅಂತ ಒತ್ತಬೇಕು, ಅದಕ್ಕೂ ಒಂದು ಕೊನೆಯ ದಿನ ಇರುತ್ತದೆ. ಅದು ತಪ್ಪಿದರೆ ನೀವು ಕಾಯುತ್ತಿದ್ದೀರಿ ಅಂತ ನಿಮಗೆ ಮಾತ್ರ ಗೊತ್ತು.

ಇನ್ನೊಂದು, 'ಹೋಲ್ಡ್' ಮತ್ತು 'ವೇಯ್ಟ್‌ಲಿಸ್ಟ್' ಬೇರೆ ಬೇರೆ ಆಗಿರಬಹುದು. ಇಂಟರ್‌ವ್ಯೂಗೆ ಮುಂಚೆಯೇ ಹೋಲ್ಡ್ ಅಂತ ಬಂದಿದ್ದರೆ ನಿಮ್ಮ ಅರ್ಜಿಯ ಬಗ್ಗೆ ಅವರು ಇನ್ನೂ ಪೂರ್ತಿ ಯೋಚನೆಯನ್ನೇ ಮಾಡಿಲ್ಲ. ಇಂಟರ್‌ವ್ಯೂ ಆದ ಮೇಲೆ ವೇಯ್ಟ್‌ಲಿಸ್ಟ್ ಅಂತ ಬಂದಿದ್ದರೆ ನೀವು ಬೇಡ ಅಂತಲ್ಲ, ಜಾಗ ಇಲ್ಲ ಅಂತ. ಎರಡನೆಯದಕ್ಕೆ ಕಾಯುವುದಕ್ಕೆ ಸ್ವಲ್ಪ ಅರ್ಥವಿದೆ.

ಆಮೇಲೆ ಅಡ್ಮಿಷನ್ ಆಫೀಸಿಗೆ ಒಂದು ಚಿಕ್ಕ ಈಮೇಲ್ ಹಾಕಿ. ಪಟ್ಟಿಯಲ್ಲಿ ರ‍್ಯಾಂಕ್ ಇದೆಯಾ, ಇಲ್ಲ ಮೇಲಿನ ಗುಂಪು ಕೆಳಗಿನ ಗುಂಪು ಅಂತ ಇದೆಯಾ, ಹೋದ ವರ್ಷ ಎಷ್ಟು ಜನರನ್ನು ಈ ಪಟ್ಟಿಯಿಂದ ಕರೆದಿರಿ, ಯಾವ ತಾರೀಖಿನವರೆಗೆ ಪಟ್ಟಿ ತೆರೆದಿರುತ್ತದೆ, ಕರೆದರೆ ಉತ್ತರ ಕೊಡಲು ಎಷ್ಟು ದಿನ ಕೊಡುತ್ತೀರಿ. ಎಲ್ಲದಕ್ಕೂ ಉತ್ತರ ಬರಲ್ಲ. ಬಂದಷ್ಟು ಬಂತು. ಹೋದ ವರ್ಷ ಕರೆದದ್ದು ಇಬ್ಬರನ್ನೋ ಇಪ್ಪತ್ತು ಜನರನ್ನೋ ಅನ್ನುವುದೊಂದು ಗೊತ್ತಾದರೂ ನಿಮ್ಮ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಈ ಈಮೇಲನ್ನು ಹುಡುಗ ಅಥವಾ ಹುಡುಗಿಯೇ ಬರೆಯಬೇಕು. ಅಪ್ಪ-ಅಮ್ಮಂದಿರೇ, ದಯವಿಟ್ಟು ನೀವು ಫೋನ್ ಮಾಡಬೇಡಿ. ಇಲ್ಲಿ 18 ದಾಟಿದವರ ವಿಷಯವನ್ನು ಆಫೀಸಿನವರು ಸಾಮಾನ್ಯವಾಗಿ ಮನೆಯವರ ಹತ್ತಿರ ಮಾತಾಡುವುದಿಲ್ಲ, ಮೇಲಾಗಿ "ಇವಳ ಪರವಾಗಿ ಇವರ ತಂದೆ ಮಾತಾಡುತ್ತಾರೆ" ಅನ್ನುವುದು ಮುಂದೆ ರೋಗಿಗಳ ಹತ್ತಿರ ಮಾತಾಡಬೇಕಾದ ಕೆಲಸಕ್ಕೆ ಒಳ್ಳೆಯ ಪರಿಚಯ ಅಲ್ಲ.

ಕೈಯಲ್ಲಿ ಇನ್ನೊಂದು ಸೀಟು ಇದ್ದರೆ

ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಬಹಳ ಜನ ಎಡವುವುದು ಇಲ್ಲೇ.

ಅಮೆರಿಕದಲ್ಲಿ ಈಗ ಫಾರ್ಮಸಿ ಕಾಲೇಜುಗಳು ಹತ್ತಿರ ಹತ್ತಿರ 140 ಇವೆ. ಕಳೆದ ಹತ್ತು-ಹನ್ನೆರಡು ವರ್ಷದಲ್ಲಿ ಕಾಲೇಜುಗಳು ಹೆಚ್ಚಾದವು, ಅರ್ಜಿ ಹಾಕುವವರು ಕಡಿಮೆಯಾದರು. ಹಾಗಾಗಿ ಎಲ್ಲಾದರೂ ಒಂದು ಕಡೆ ಸೀಟು ಸಿಗುವುದು ಮೊದಲಿನಷ್ಟು ಕಷ್ಟವಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್, ನಾರ್ತ್ ಕ್ಯಾರೊಲೈನಾ, ಮಿಷಿಗನ್ ತರಹದ ಕಡೆ ಮಾತ್ರ ಈಗಲೂ ನೂಕುನುಗ್ಗಲು. ಅಂದರೆ ನಿಮ್ಮ ಮುಂದಿರುವ ಪ್ರಶ್ನೆ "ಸೀಟು ಸಿಗುತ್ತದಾ" ಅನ್ನುವುದಕ್ಕಿಂತ "ಸಿಕ್ಕಿರುವ ಸೀಟು ನಾಲ್ಕು ವರ್ಷ ಮತ್ತು ಇಷ್ಟೊಂದು ಸಾಲಕ್ಕೆ ತಕ್ಕದ್ದಾ" ಅನ್ನುವುದು. ಹೆದರಿಕೆಯಲ್ಲಿ ಯಾವುದೋ ಒಂದಕ್ಕೆ ಸೇರಿಕೊಂಡು ಮೂರನೇ ವರ್ಷ ಅಳುವವರನ್ನೂ ನೋಡಿದ್ದೇನೆ, ಚಿನ್ನದಂಥ ಸೀಟನ್ನು ಹೆಸರಿನ ಆಸೆಗೆ ಬಿಟ್ಟವರನ್ನೂ ನೋಡಿದ್ದೇನೆ.

ಅದಕ್ಕೆ ಕೈಯಲ್ಲಿರುವ ಸೀಟನ್ನು ಮೊದಲು ಪರೀಕ್ಷೆ ಮಾಡಿ. ಎಸಿಪಿಇ ಅನ್ನುವ ಸಂಸ್ಥೆ ಮಾನ್ಯತೆ ಕೊಡುತ್ತದೆ, ಅದರ ವೆಬ್‌ಸೈಟಿನಲ್ಲಿ ಆ ಕಾಲೇಜಿನ ಸ್ಥಿತಿ ಏನಿದೆ ನೋಡಿ. ಹೊಸ ಕಾಲೇಜಾದರೆ ಪ್ರೀ-ಕ್ಯಾಂಡಿಡೇಟ್, ಕ್ಯಾಂಡಿಡೇಟ್, ಆಮೇಲೆ ಪೂರ್ತಿ ಮಾನ್ಯತೆ ಅಂತ ಮೆಟ್ಟಿಲಿವೆ. ಪ್ರೊಬೇಷನ್ (ಮಾನ್ಯತೆಗೆ ಕುತ್ತು ಬರಬಹುದು ಅನ್ನುವ ಎಚ್ಚರಿಕೆ) ಅಂತ ಕಂಡರೆ ಯಾಕೆ ಅಂತ ಕೇಳದೆ ಒಂದು ಡಾಲರೂ ಕಟ್ಟಬೇಡಿ. ಆಮೇಲೆ ನ್ಯಾಪ್ಲೆಕ್ಸ್ ಫಲಿತಾಂಶ. ಇದು ಲೈಸೆನ್ಸ್ ಪರೀಕ್ಷೆ, ಇದು ಪಾಸಾಗದಿದ್ದರೆ ಡಿಗ್ರಿ ಗೋಡೆಗೆ ಚೆಂದ ಅಷ್ಟೇ. ಮೊದಲ ಸಲಕ್ಕೇ ಪಾಸಾದವರು ಶೇಕಡಾ ಎಷ್ಟು ಅಂತ ಕಾಲೇಜುವಾರು ಲೆಕ್ಕ ಪ್ರತಿ ವರ್ಷ ಪ್ರಕಟವಾಗುತ್ತದೆ. ಕೆಲವು ಕಡೆ 90ಕ್ಕಿಂತ ಮೇಲಿದೆ, ಕೆಲವು ಕಡೆ 70 ಕೂಡ ಮುಟ್ಟುವುದಿಲ್ಲ. ಒಂದೇ ವರ್ಷ ನೋಡಬೇಡಿ, ಮೂರು ವರ್ಷದ್ದು ನೋಡಿ. ಜೊತೆಗೆ, ಸೇರಿದವರಲ್ಲಿ ಎಷ್ಟು ಜನ ಸರಿಯಾದ ಸಮಯಕ್ಕೆ ಮುಗಿಸುತ್ತಾರೆ ಅಂತಲೂ ನೋಡಿ. ಪಾಸಾಗದ ಹುಡುಗರನ್ನು ಮಧ್ಯದಲ್ಲೇ ಉದುರಿಸಿಬಿಟ್ಟರೆ ಉಳಿದವರ ಫಲಿತಾಂಶ ಚೆನ್ನಾಗೇ ಕಾಣುತ್ತದೆ, ಅಲ್ವಾ.

ಈ ಮೂರರಲ್ಲೂ ಆ ಕಾಲೇಜು ಪರವಾಗಿಲ್ಲ ಅಂದರೆ ಡೆಪಾಸಿಟ್ ಕಟ್ಟಿ. ಇವತ್ತೇ. ಅದು ವಾಪಸ್ ಬರಲ್ಲ ಅಂತ ಬರೆದಿರುತ್ತಾರೆ, ಗೊತ್ತು. ಅದನ್ನು ಇನ್ಶೂರೆನ್ಸ್ ಕಂತು ಅಂದುಕೊಳ್ಳಿ. ಕೆಲವು ನೂರು ಡಾಲರ್, ಕೆಲವು ಕಡೆ ಸಾವಿರದ ಮೇಲೆ. ಅದರ ಎದುರಿಗೆ ಒಂದು ವರ್ಷ ಇಡಿ. ಸರ್ಕಾರದ ಅಂಕಿಅಂಶದ ಪ್ರಕಾರ ಇಲ್ಲಿ ಫಾರ್ಮಸಿಸ್ಟರ ಮಧ್ಯಮ ಸಂಬಳ ವರ್ಷಕ್ಕೆ 1,30,000 ಡಾಲರಿಗಿಂತ ಜಾಸ್ತಿ. ಒಂದು ವರ್ಷ ತಡವಾದರೆ ಕಳೆದುಕೊಳ್ಳುವುದು ಅಷ್ಟು ದೊಡ್ಡದು, ಆರುನೂರು ಡಾಲರ್ ಉಳಿಸಲು ಹೋಗಿ ಅದನ್ನು ಪಣಕ್ಕಿಡುವುದು ನಾನು ಮಾಡಿದ ಬೆಪ್ಪುತನ.

ಹೆಸರಿನ ವಿಷಯಕ್ಕೆ ಬರೋಣ. ನಿಮ್ಮದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಇದ್ದು, ದೂರದ ಪ್ರೈವೇಟ್ ಕಾಲೇಜಿನ ವೇಯ್ಟ್‌ಲಿಸ್ಟಿಗೆ ಮನಸ್ಸು ಎಳೆಯುತ್ತಿದ್ದರೆ, ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮವರು ಸುಮ್ನೆ ಹೇಳಿಲ್ಲ. ಎಲ್ಲ ಕಾಲೇಜಿನವರೂ ಬರೆಯುವುದು ಅದೇ ನ್ಯಾಪ್ಲೆಕ್ಸ್. ಕನಿಷ್ಠ 300 ಗಂಟೆಯ ಆರಂಭದ ತರಬೇತಿ ಮತ್ತು ಕೊನೆಯಲ್ಲಿ 1,440 ಗಂಟೆಯ ರೊಟೇಷನ್ (ಆಸ್ಪತ್ರೆ, ಫಾರ್ಮಸಿಗಳಲ್ಲಿ ಸರದಿಯ ತರಬೇತಿ) ಎಲ್ಲರಿಗೂ ಕಡ್ಡಾಯ. ಔಷಧಿ ತೆಗೆದುಕೊಳ್ಳಲು ಬರುವ ಅಜ್ಜಿ ನಿಮ್ಮ ಕಾಲೇಜು ಯಾವುದು ಅಂತ ಕೇಳುವುದಿಲ್ಲ. ಹೆಸರು ನಿಜಕ್ಕೂ ಕೆಲಸಕ್ಕೆ ಬರುವ ಜಾಗಗಳೂ ಇವೆ, ಇಲ್ಲ ಅನ್ನಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ (ಡಿಗ್ರಿ ಆದ ಮೇಲಿನ ತರಬೇತಿ), ಔಷಧಿ ಕಂಪನಿಗಳ ಫೆಲೋಶಿಪ್, ಸಂಶೋಧನೆ, ಇವುಗಳತ್ತ ಮನಸ್ಸಿದ್ದರೆ ಒಳ್ಳೆಯ ಆಸ್ಪತ್ರೆಗಳ ನಂಟಿರುವ ಕಾಲೇಜು ಅನುಕೂಲ. ಊರಿನ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡಬೇಕು ಅಂತಿದ್ದವರು ಹೆಸರಿಗೆ ಲಕ್ಷ ಡಾಲರ್ ಜಾಸ್ತಿ ಕೊಡುವುದು ನನಗೆ ಅರ್ಥವಾಗಲ್ಲ.

ಸಾಲದ ವಿಷಯ ಈಗ ಇನ್ನೂ ಬಿಗಿ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ (ಇಂಥ ಮೇಲಿನ ಓದಿಗೆ ಇಲ್ಲಿನ ಸರ್ಕಾರ ಕೊಡುತ್ತಿದ್ದ) ಸಾಲ ಇಲ್ಲ. ಫಾರ್ಮ್ ಡಿ ತರಹದ ವೃತ್ತಿ ಕೋರ್ಸುಗಳಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮಿತಿ. ಫೀಸು, ಬಾಡಿಗೆ, ಊಟ ಸೇರಿ ಅದಕ್ಕಿಂತ ಮೇಲೆ ಹೋದರೆ ಪ್ರೈವೇಟ್ ಸಾಲ. ಹಾಗಾಗಿ ವೇಯ್ಟ್‌ಲಿಸ್ಟ್ ಮಾಡಿರುವ ಕಾಲೇಜಿನ ಖರ್ಚನ್ನು ಅವರು ಕರೆಯುವ ಮೊದಲೇ ಲೆಕ್ಕ ಹಾಕಿಡಿ, ಮತ್ತು ಫಾಫ್ಸಾದಲ್ಲಿ (ಸರ್ಕಾರದ ಸಾಲ, ನೆರವಿಗೆ ತುಂಬುವ ಅರ್ಜಿ) ಆ ಕಾಲೇಜಿನ ಹೆಸರನ್ನೂ ಈಗಲೇ ಸೇರಿಸಿ. ಅದರಲ್ಲಿ 20 ಕಾಲೇಜುಗಳವರೆಗೆ ಹಾಕಬಹುದು. ತಡವಾಗಿ ಬರುವ ಸೀಟಿಗೆ ಸ್ಕಾಲರ್‌ಶಿಪ್ ದುಡ್ಡು ಹೆಚ್ಚಾಗಿ ಉಳಿದಿರುವುದಿಲ್ಲ, ಇದೂ ನೆನಪಿರಲಿ.

ಕಾಯುವುದಾದರೆ ಕೈಕಟ್ಟಿ ಕೂರಬೇಡಿ

ಆಸಕ್ತಿ ಇದೆ ಅಂತ ಒಂದು ಪತ್ರ ಬರೆಯಿರಿ. ಒಂದು ಪುಟಕ್ಕಿಂತ ಕಡಿಮೆ. ಮೊದಲ ಅರ್ಜಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಬೇಡಿ, ಅಜ್ಜಿಯ ಔಷಧಿ ಡಬ್ಬಿ ನೋಡಿ ಫಾರ್ಮಸಿ ಆಸೆ ಹುಟ್ಟಿತು ಅನ್ನುವುದನ್ನು ಅವರು ಈಗಾಗಲೇ ಓದಿದ್ದಾರೆ. ಅರ್ಜಿ ಹಾಕಿದ ಮೇಲೆ ಏನು ಬದಲಾಗಿದೆ, ಅದನ್ನು ಮಾತ್ರ ಬರೆಯಿರಿ. ಬಯೋಕೆಮಿಸ್ಟ್ರಿಯಲ್ಲಿ ಬಂದ ಹೊಸ ಗ್ರೇಡು, ಹೊಸದಾಗಿ ಹಿಡಿದ ಟೆಕ್ನಿಷಿಯನ್ ಕೆಲಸ, ಮುಗಿಸಿದ ಪ್ರಾಜೆಕ್ಟು. ಹಿಂದೆ ಪಿಕ್ಯಾಟ್ ಅಂತ ಒಂದು ಪ್ರವೇಶ ಪರೀಕ್ಷೆ ಇತ್ತು, ಅದನ್ನು ಇನ್ನೊಮ್ಮೆ ಬರೆದು ಅಂಕ ಏರಿಸಿಕೊಳ್ಳಬಹುದಿತ್ತು. 2024ರ ಜನವರಿಗೆ ಅದು ಶಾಶ್ವತವಾಗಿ ಮುಗಿಯಿತು. ಈಗ ತೋರಿಸಲು ಉಳಿದಿರುವುದು ಗ್ರೇಡು, ಅನುಭವ, ಇಂಟರ್‌ವ್ಯೂ ಅಷ್ಟೇ.

"ಸೀಟು ಕೊಟ್ಟರೆ ಖಂಡಿತ ಸೇರುತ್ತೇನೆ" ಅನ್ನುವ ಸಾಲಿಗೆ ತೂಕ ಜಾಸ್ತಿ, ಆದರೆ ಅದನ್ನು ಒಂದೇ ಕಾಲೇಜಿಗೆ ಬರೆಯಿರಿ, ನಿಜವಾಗಿದ್ದರೆ ಮಾತ್ರ. ಫಾರ್ಮಸಿ ಪ್ರಪಂಚ ಚಿಕ್ಕದು, ಅಡ್ಮಿಷನ್ ಆಫೀಸಿನವರು ಒಬ್ಬರಿಗೊಬ್ಬರು ಪರಿಚಯ ಇರುತ್ತಾರೆ. ಒಂದು ಪತ್ರ ಈಗ, ಸೆಮಿಸ್ಟರ್ ಗ್ರೇಡ್ ಬಂದ ಮೇಲೆ ಇನ್ನೊಂದು ಚಿಕ್ಕ ಅಪ್‌ಡೇಟ್, ಅಷ್ಟು ಸಾಕು. ವಾರಕ್ಕೊಂದು ಈಮೇಲ್ ಹಾಕಿದರೆ ನಿಮ್ಮ ಹೆಸರು ಅವರಿಗೆ ಚೆನ್ನಾಗಿ ನೆನಪಿರುತ್ತದೆ, ಬೇರೆ ಕಾರಣಕ್ಕೆ. ಅಪ್‌ಡೇಟ್ ಕೊಡಬೇಡಿ ಅಂತ ಕಾಲೇಜೇ ಹೇಳಿದ್ದರೆ ಆ ಮಾತು ಕೇಳಿ.

ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂದಿತ್ತು, ಮತ್ತೆ ತೆಗೆದುಕೊಳ್ಳಲಾ ಅಂತ ಕೇಳುವವರಿದ್ದಾರೆ. ತೆಗೆದುಕೊಳ್ಳಬಹುದು, ಆದರೆ ಫಾರ್ಮ್‌ಕ್ಯಾಸ್ (ಫಾರ್ಮಸಿ ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ) ಹಳೆಯ ಗ್ರೇಡನ್ನು ಅಳಿಸುವುದಿಲ್ಲ, ಎರಡನ್ನೂ ಸೇರಿಸಿ ಜಿಪಿಎ ಹಾಕುತ್ತದೆ. ಅಂಕಿ ಏರುವುದು ಸ್ವಲ್ಪ. ನನಗೆ ಕೇಳಿದರೆ ಅದಕ್ಕಿಂತ ಮೇಲಿನ ಹಂತದ ವಿಜ್ಞಾನದ ಕೋರ್ಸೊಂದರಲ್ಲಿ ಎ ತೆಗೆದು ತೋರಿಸುವುದು ವಾಸಿ.

ವೀಸಾದವರಿಗೆ ಬೇರೆ ಲೆಕ್ಕ

ಊರಿನಲ್ಲಿ ಬಿ.ಫಾರ್ಮ ಮುಗಿಸಿ ಬರುವವರು ಬಹಳ ಜನ ಇದ್ದಾರೆ. ಕಾರಣ ಗೊತ್ತಿರುವುದೇ, 2003ರ ಜನವರಿ 1ರ ನಂತರ ಪದವಿ ಪಡೆದ ವಿದೇಶಿ ಫಾರ್ಮಸಿಸ್ಟರು ಇಲ್ಲಿ ನೇರವಾಗಿ ಲೈಸೆನ್ಸ್ ದಾರಿ ಹಿಡಿಯಬೇಕಾದರೆ ಐದು ವರ್ಷದ ಕೋರ್ಸ್ ಆಗಿರಬೇಕು, ನಮ್ಮ ಬಿ.ಫಾರ್ಮ ನಾಲ್ಕೇ ವರ್ಷ. ಅದಕ್ಕೆ ಇಲ್ಲಿ ಫಾರ್ಮ್ ಡಿ ಮಾಡಲು ಬರುತ್ತಾರೆ.

ಭಾರತದಲ್ಲಿದ್ದುಕೊಂಡು ವೇಯ್ಟ್‌ಲಿಸ್ಟ್ ಕಾಯುವವರಿಗೆ ನೇರವಾಗಿ ಹೇಳುತ್ತೇನೆ. ಸೀಟು ಖಚಿತವಾಗದೆ ಐ-20 (ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಪತ್ರ) ಬರುವುದಿಲ್ಲ, ಐ-20 ಇಲ್ಲದೆ ಎಫ್-1 ಅಂದರೆ ವಿದ್ಯಾರ್ಥಿ ವೀಸಾ ಇಂಟರ್‌ವ್ಯೂ ಇಲ್ಲ. ಜುಲೈ ಕೊನೆಗೆ ಕರೆ ಬಂದರೆ, ದುಡ್ಡಿನ ದಾಖಲೆ ಕೊಟ್ಟು, ಐ-20 ತರಿಸಿಕೊಂಡು, ವೀಸಾ ತಾರೀಖು ಹಿಡಿದು, ಆಗಸ್ಟಿನಲ್ಲಿ ಕ್ಲಾಸಿಗೆ ಕೂರುವುದು ಹೆಚ್ಚುಕಡಿಮೆ ಆಗದ ಮಾತು. ಆದ್ದರಿಂದ ಕಾಲೇಜಿಗೆ ಮೊದಲೇ ಕೇಳಿ, ತಡವಾಗಿ ಸೀಟು ಬಂದರೆ ಮುಂದಿನ ವರ್ಷಕ್ಕೆ ಮುಂದೂಡಲು ಬಿಡುತ್ತೀರಾ ಅಂತ. ಇಲ್ಲ ಅಂದರೆ ನಿಮ್ಮ ಕಾಯುವ ಗಡುವು ಆಗಸ್ಟ್ ಅಲ್ಲ, ಜೂನ್ ಆರಂಭ.

ಈಗಾಗಲೇ ಎಫ್-1ರಲ್ಲಿ ಇಲ್ಲಿದ್ದವರಿಗೆ ಸ್ವಲ್ಪ ಸಡಿಲ. ಸೆವಿಸ್ ದಾಖಲೆಯನ್ನು (ವಿದ್ಯಾರ್ಥಿ ವೀಸಾದವರ ಬಗ್ಗೆ ಸರ್ಕಾರ ಇಡುವ ದಾಖಲೆ) ಹೊಸ ಕಾಲೇಜಿಗೆ ವರ್ಗ ಮಾಡುವಾಗ ರಿಲೀಸ್ ಡೇಟ್ ಅಂತ ಒಂದು ಹಾಕುತ್ತಾರೆ, ಆ ದಿನ ಬರುವ ತನಕ ಮನಸ್ಸು ಬದಲಾಯಿಸಬಹುದು, ದಾಟಿದ ಮೇಲೆ ದಾಖಲೆ ಹೊಸ ಕಾಲೇಜಿನ ಕೈಯಲ್ಲಿ. ಹಾಗಾಗಿ ಡಿಎಸ್‌ಓ (ಕಾಲೇಜಿನಲ್ಲಿ ವೀಸಾ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿ) ಹತ್ತಿರ ಕೂತು, ನಿಮ್ಮ ಗ್ರೇಸ್ ಅವಧಿ (ಓದು ಮುಗಿದ ಮೇಲೆ ಇಲ್ಲಿ ಉಳಿಯಲು ಕೊಡುವ ದಿನಗಳು) ಮೀರದಂತೆ, ಆದಷ್ಟು ತಡವಾದ ರಿಲೀಸ್ ತಾರೀಖು ಇಡಿಸಿಕೊಳ್ಳಿ. ಎಚ್-4ರಲ್ಲಿರುವ (21ರವರೆಗೆ ಅಪ್ಪ-ಅಮ್ಮನ ಕೆಲಸದ ವೀಸಾ ಆಧಾರದಲ್ಲಿ ಸಿಗುವ ವೀಸಾ) ಮಕ್ಕಳಿಗೆ 21 ತುಂಬುತ್ತಿದ್ದರೆ ಈ ವಿಷಯವನ್ನು ವೇಯ್ಟ್‌ಲಿಸ್ಟಿಗಿಂತ ಮೊದಲು ವಕೀಲರ ಹತ್ತಿರ ಮಾತಾಡಿ.

ತಾರೀಖು ಮೊದಲೇ ಬರೆದಿಡಿ

ಪಟ್ಟಿ ಅಲ್ಲಾಡುವುದು ಯಾವಾಗ ಅಂದರೆ, ಡೆಪಾಸಿಟ್ ಗಡುವುಗಳು ಮುಗಿದ ಕೂಡಲೇ ಒಮ್ಮೆ, ಓರಿಯಂಟೇಷನ್‌ಗೆ (ಕ್ಲಾಸಿಗೆ ಮುಂಚಿನ ಪರಿಚಯ ಕಾರ್ಯಕ್ರಮ) ಸ್ವಲ್ಪ ಮುಂಚೆ ಇನ್ನೊಮ್ಮೆ. ಬೇರೆ ಕಡೆ ಸೀಟು ಸಿಕ್ಕವರು ಬಿಟ್ಟುಹೋಗುವುದು ಆಗಲೇ. ಕೊನೆಯ ಕರೆ ಬಂದರೆ ಯೋಚನೆಗೆ ಒಂದೆರಡು ದಿನ ಕೊಡುತ್ತಾರೆ. ಅಷ್ಟರಲ್ಲಿ ನೀವು ಇನ್ನೊಂದು ಊರಿನಲ್ಲಿ ಮನೆ ಮಾಡಿ, ಒಂದು ವರ್ಷದ ಲೀಸಿಗೆ ಸೈನ್ ಹಾಕಿ, ಮಂಚ ಜೋಡಿಸುತ್ತಾ ಕೂತಿರಬಹುದು. ಆ ಹೊತ್ತಿನಲ್ಲಿ ಯಾರಿಗೂ ತಲೆ ಓಡುವುದಿಲ್ಲ.

ಅದಕ್ಕೆ ಈಗಲೇ, ತಲೆ ತಣ್ಣಗಿರುವಾಗ, ಒಂದು ಹಾಳೆಯಲ್ಲಿ ಬರೆದು ಮನೆಯವರಿಗೂ ತೋರಿಸಿ. ಜೂನ್ 30ರ ಒಳಗೆ ಕರೆದರೆ ಹೋಗುತ್ತೇನೆ. ಜುಲೈನಲ್ಲಿ ಕರೆದರೆ ಇಂತಿಷ್ಟು ಸ್ಕಾಲರ್‌ಶಿಪ್ ಕೊಟ್ಟರೆ ಮಾತ್ರ. ಆಗಸ್ಟ್ ಬಂದರೆ ಇಲ್ಲ. ತಾರೀಖು ನಿಮ್ಮದು ಬೇರೆ ಇರಬಹುದು, ಬರೆದಿರುವುದು ಮುಖ್ಯ. ನನ್ನ ಅಣ್ಣನ ಮಗಳಿಗೆ ಹೀಗೇ ಬರೆಸಿದ್ದೆ. ಓರಿಯಂಟೇಷನ್‌ಗೆ ಒಂಬತ್ತು ದಿನ ಇರುವಾಗ ಅವಳು ಆಸೆಪಟ್ಟಿದ್ದ ಕಾಲೇಜಿನಿಂದಲೇ ಕರೆ ಬಂತು. ಅತ್ತಳು, ಹಾಳೆ ನೋಡಿದಳು, ಬೇಡ ಅಂದಳು. ಆಮೇಲೆ ಪಶ್ಚಾತ್ತಾಪ ಆಯಿತಾ ಅಂತ ಕೇಳಿದರೆ "ಅತ್ತೆ, ಎರಡು ವಾರ ಆಯ್ತು, ಆಮೇಲೆ ಫಾರ್ಮಕಾಲಜಿ ಶುರುವಾಯ್ತು" ಅಂದಳು.

ಕೈಯಲ್ಲಿ ಯಾವ ಸೀಟೂ ಇಲ್ಲದಿದ್ದರೆ

ಆಗ ಕಾಯಿರಿ, ಕಳೆದುಕೊಳ್ಳುವುದು ಏನೂ ಇಲ್ಲ. ಆದರೆ ಮುಂದಿನ ವರ್ಷದ ಅರ್ಜಿಯನ್ನು ಜೊತೆಗೇ ಶುರು ಮಾಡಿ. ಫಾರ್ಮ್‌ಕ್ಯಾಸ್ ಹೊಸ ವರ್ಷಕ್ಕೆ ಜುಲೈ ಹೊತ್ತಿಗೆ ತೆರೆಯುತ್ತದೆ, ಮತ್ತು ಬಹಳ ಕಾಲೇಜುಗಳು ಅರ್ಜಿ ಬಂದ ಹಾಗೆ ಬಂದ ಹಾಗೆ ಸೀಟು ಕೊಡುತ್ತಾ ಹೋಗುತ್ತವೆ. ಹೋದ ಸಲ ಜನವರಿಯಲ್ಲಿ ಹಾಕಿದ್ದರೆ ನಿಮ್ಮ ಸಮಸ್ಯೆ ಮಾರ್ಕ್ಸೇ ಅಲ್ಲದಿರಬಹುದು, ಬರೀ ತಡ. ಶಿಫಾರಸು ಪತ್ರಗಳನ್ನು ಮತ್ತೆ ಕೇಳಿ ಹೊಸದಾಗಿ ಬರೆಸಿ, ಸಾಧ್ಯವಾದರೆ ನಿಮ್ಮ ಕೆಲಸ ನೋಡಿದ ಫಾರ್ಮಸಿಸ್ಟ್ ಒಬ್ಬರಿಂದ. ಸೀಟು ಕೊಡದ ಕಾಲೇಜಿಗೂ ಬರೆದು, ಎಲ್ಲಿ ಕಡಿಮೆಯಾಯಿತು ಅಂತ ಕೇಳಿ. ಕೆಲವರು ಹತ್ತು ನಿಮಿಷ ಫೋನಿನಲ್ಲಿ ನಿಜ ಹೇಳುತ್ತಾರೆ.

ಆ ವರ್ಷ ಕೆಲಸ ಮಾಡುವುದಾದರೆ ಟೆಕ್ನಿಷಿಯನ್ ಕೆಲಸವೇ ಮಾಡಿ, ಟೆಕ್ನಿಷಿಯನ್‌ಗಳಿಗೆ ಇರುವ ಪಿಟಿಸಿಬಿ ಪರೀಕ್ಷೆ ಬರೆದು ಸರ್ಟಿಫಿಕೇಟ್ ತೆಗೆದುಕೊಳ್ಳಿ. ನನಗೆ ಆ ವರ್ಷ ದಂಡ ಅನ್ನಿಸಿತ್ತು, ಆದರೆ ಇನ್ಶೂರೆನ್ಸ್ ಕಂಪನಿಯವರ ಜೊತೆ ಫೋನಿನಲ್ಲಿ ಜಗಳ ಆಡುವುದು, ಔಷಧಿ ಬರಲಿಲ್ಲ ಅಂತ ಕಿರುಚುವವರನ್ನು ಸಮಾಧಾನ ಮಾಡುವುದು, ದಿನಕ್ಕೆ ಹತ್ತು ಗಂಟೆ ನಿಂತೇ ಇರುವುದು, ಇದೆಲ್ಲ ಗೊತ್ತಾಗಿದ್ದು ಆಗ. ನನ್ನ ಜೊತೆ ಸೇರಿದ್ದ ಇನ್ನೊಬ್ಬ ಹುಡುಗ ನಾಲ್ಕು ತಿಂಗಳಿಗೆ "ಈ ಕೆಲಸ ನನಗಲ್ಲ" ಅಂತ ಬಿಟ್ಟು ಲ್ಯಾಬ್ ಕಡೆ ಹೋದ. ಎರಡು ಲಕ್ಷ ಡಾಲರ್ ಸಾಲ ಮಾಡುವ ಮೊದಲೇ ಅವನಿಗೆ ಅದು ಗೊತ್ತಾಯಿತು.

ಇನ್ನೊಂದು ಚಿಕ್ಕ ಕೆಲಸ ಉಳಿದಿದೆ. ನಿಮಗೆ ಬೇಡವಾದ ದಿನ ವೇಯ್ಟ್‌ಲಿಸ್ಟಿನಿಂದ ಹೆಸರು ತೆಗೆಸಿ, ಬೇರೆ ಕಾಲೇಜಿಗೆ ಹೋಗುವುದಾದರೆ ಮೊದಲಿನ ಸೀಟನ್ನೂ ಅದೇ ದಿನ ಬಿಟ್ಟುಕೊಡಿ. ಅಲ್ಲೂ ಯಾರೋ ಈಮೇಲ್ ರಿಫ್ರೆಶ್ ಮಾಡುತ್ತಾ ಕೂತಿರುತ್ತಾರೆ. ಎರಡು ಸಾಲು ಸಾಕು, ಕಾರಣ ಕೊಡಬೇಕಾಗಿಲ್ಲ. ಫಾರ್ಮ್‌ಕ್ಯಾಸ್ ಐಡಿ ಹಾಕುವುದು ಮಾತ್ರ ಮರೆಯಬೇಡಿ. ನಮ್ಮ ಹೆಸರುಗಳು ಒಂದೇ ಬ್ಯಾಚಿನಲ್ಲಿ ಮೂರು ಮೂರು ಇರುತ್ತವೆ, ನಿಮ್ಮ ಬದಲು ಇನ್ನೊಬ್ಬ ಪ್ರಿಯಾಳ ಸೀಟು ಹೋಗುವುದು ಬೇಡ.